ಡಿಎನ್‌ಎಗೆ ಅಂಟಿದ್ದೆಲ್ಲ ಔಷಧಿಯಲ್ಲ

ಮಾನ್ಯ ಸಂಪಾದಕರೇ,

‘ಈ ಗಿಡದ ಸತ್ವ ಕ್ಯಾನ್ಸರ್ ಕೋಶದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ’ ಎಂಬಂಥ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಓದಿದವರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ. ಮನೆಯಲ್ಲಿ ಕಾಯಿಲೆಯವರು ಇದ್ದರಂತೂ ಆ ಗಿಡ ಹುಡುಕಿಕೊಂಡು ಹೊರಟೇಬಿಡುತ್ತಾರೆ. ಸುದ್ದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಅರ್ಧಕ್ಕೇ ನಿಂತುಬಿಡುತ್ತದೆ, ನನ್ನ ತಕರಾರು ಅಷ್ಟೇ.

ಡಿಎನ್‌ಎ ಅಂದರೆ ತಿರುಚಿದ ಏಣಿ ಅಂದುಕೊಳ್ಳಿ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ 0.34 ನ್ಯಾನೊಮೀಟರ್ ಜಾಗ. ಕೆಲವು ಗಿಡಗಳಲ್ಲಿ ಸಿಗುವ ಚಪ್ಪಟೆ ಅಣುಗಳು, ಉದಾಹರಣೆಗೆ ಎಲಿಪ್ಟಿಸಿನ್, ಸಾಂಗ್ವಿನರಿನ್, ಈ ಮೆಟ್ಟಿಲುಗಳ ನಡುವೆ ತೂರಿಕೊಳ್ಳುತ್ತವೆ. ಆಗ ಆ ಜಾಗ ಸುಮಾರು ಎರಡು ಪಟ್ಟು ಅಗಲವಾಗುತ್ತದೆ, ಅಲ್ಲಿನ ತಿರುಚು ಸಡಿಲವಾಗುತ್ತದೆ, ಡಿಎನ್‌ಎಯನ್ನು ನಕಲು ಮಾಡುವ ಕಿಣ್ವಗಳು ಅಲ್ಲಿ ತಡವರಿಸುತ್ತವೆ. ಹೀಗೆ ತೂರಿಕೊಳ್ಳುವ ಅಣುಗಳ ಬಗ್ಗೆ ವಿಜ್ಞಾನಿ ಲಿಯೊನಾರ್ಡ್ ಲರ್ಮನ್ 1961ರಲ್ಲೇ ಬರೆದಿದ್ದರು. ಇನ್ನು ಕೆಲವು ಅಣುಗಳು ಒಳಗೆ ತೂರದೆ, ಡಿಎನ್‌ಎಯ ಹೊರಮೈಯಲ್ಲಿರುವ ಕಿರಿದಾದ ತೋಡಿನಲ್ಲಿ ಕೂರುತ್ತವೆ.

ಸುದ್ದಿಯಲ್ಲಿ ಬರದ ಒಂದು ವಿಷಯ ಇದೆ. ಇಂಥ ಪ್ರಯೋಗಗಳಲ್ಲಿ ತುಂಬಾ ಸಲ ಬಳಸುವುದು ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದ ಡಿಎನ್‌ಎ. ಕ್ಯಾನ್ಸರ್ ಡಿಎನ್‌ಎ ಅಲ್ಲವೇ ಅಲ್ಲ! ಅದರ ದ್ರಾವಣಕ್ಕೆ ಗಿಡದ ಅಣುವನ್ನು ಸೇರಿಸಿ, ಬೆಳಕು ಹೀರುವುದರಲ್ಲಿ ಏನು ವ್ಯತ್ಯಾಸ ಆಯಿತು, ದ್ರಾವಣ ಎಷ್ಟು ಗಟ್ಟಿಯಾಗಿ, ನಿಧಾನವಾಗಿ ಹರಿಯುವಂತಾಯಿತು ಅಂತ ಅಳೆಯುತ್ತಾರೆ. ಅದು ಬೇಕಾದ ಕೆಲಸವೇ, ನಾನು ಅದನ್ನು ಕೀಳಾಗಿ ಕಾಣುವುದಿಲ್ಲ. ಆದರೆ ಅಲ್ಲಿ ಅಂಟಿದ ಅಣು ಆರೋಗ್ಯವಾಗಿರುವ ಕೋಶದ ಡಿಎನ್‌ಎಗೂ ಅಂಟಬಹುದು ಅಲ್ವಾ?

ನಿಜವಾಗಿ ಔಷಧಿಯಾದ ಒಂದರ ಕತೆ ಕೇಳಿ. ಚೀನಾ ಮೂಲದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ಅಣುವನ್ನು ಬೇರ್ಪಡಿಸಿದ್ದನ್ನು ಮನ್ರೋ ವಾಲ್, ಮನ್ಸುಖ್ ವಾನಿ ಮತ್ತು ಅವರ ಜೊತೆಯವರು 1966ರಲ್ಲಿ ಪ್ರಕಟಿಸಿದರು. ಆಶ್ಚರ್ಯ ಏನೆಂದರೆ ಡಿಎನ್‌ಎ ಒಂದೇ ಇದ್ದರೆ ಈ ಅಣು ಅದಕ್ಕೆ ಸರಿಯಾಗಿ ಅಂಟುವುದೇ ಇಲ್ಲ. ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ತಿರುಚು ಜಾಸ್ತಿಯಾಗುತ್ತದೆ, ಅದನ್ನು ಸಡಿಲಿಸಲು ಟೊಪೊಐಸೊಮರೇಸ್ 1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ತಿರುಚು ಬಿಟ್ಟ ಮೇಲೆ ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಸರಿಯಾಗಿ ಆ ಕತ್ತರಿಸಿದ ಜಾಗದಲ್ಲೇ, ಕಿಣ್ವ ಮತ್ತು ಡಿಎನ್‌ಎ ಎರಡನ್ನೂ ಹಿಡಿದು ಕೂರುತ್ತದೆ. ಬೆಸುಗೆ ಆಗುವುದಿಲ್ಲ. ನಕಲು ಮಾಡುತ್ತಾ ಬಂದ ಕಿಣ್ವಗಳು ಅಲ್ಲಿಗೆ ಬಂದು ಡಿಕ್ಕಿ ಹೊಡೆಯುತ್ತವೆ, ಒಂದೆಳೆಯ ಬಿರುಕು ಎರಡೆಳೆಯ ಮುರಿತವಾಗುತ್ತದೆ, ಕೋಶ ಸಾಯುತ್ತದೆ. ಬೇಗ ಬೇಗ ಒಡೆದು ಎರಡಾಗುವ ಕ್ಯಾನ್ಸರ್ ಕೋಶಕ್ಕೆ ಇದರ ಪೆಟ್ಟು ಜೋರು, ಆದರೆ ಮೂಳೆಮಜ್ಜೆ, ಕರುಳಿನ ಒಳಪದರ, ಕೂದಲಿನ ಬುಡದ ಕೋಶಗಳೂ ಬೇಗ ಒಡೆಯುವಂಥವೇ. 1970ರ ದಶಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೊಂದರೆ ಕಾಣಿಸಿ ಪರೀಕ್ಷೆ ನಿಲ್ಲಿಸಬೇಕಾಯಿತು. ಕ್ಯಾಂಪ್ಟೊಥೆಸಿನ್ ಆ ಕಿಣ್ವವನ್ನು ಹಿಡಿದು ಕೆಲಸ ಮಾಡುತ್ತದೆ ಅಂತ ಗೊತ್ತಾಗಿದ್ದೇ 1985ರಲ್ಲಿ. ಅಣುವನ್ನು ತಿದ್ದಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ ಹಿಡಿಯಿತು.

ಗಿಡದಿಂದ ಬಂದ ಕ್ಯಾನ್ಸರ್ ಔಷಧಿ ಅಂದರೆ ಡಿಎನ್‌ಎಗೇ ಅಂಟಬೇಕು ಅಂತಲೂ ಇಲ್ಲ. ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್, ಯೂ ಮರದ ಪ್ಯಾಕ್ಲಿಟ್ಯಾಕ್ಸೆಲ್ ಹಿಡಿಯುವುದು ಟ್ಯುಬುಲಿನ್ ಎಂಬ ಪ್ರೋಟೀನನ್ನು.

ಇನ್ನೊಂದು ಕಡೆ ನೋಡಿ, ಅರಿಸ್ಟೊಲೋಕಿಕ್ ಆಮ್ಲವೂ ಗಿಡದಿಂದಲೇ ಬರುತ್ತದೆ. ದೇಹದೊಳಗೆ ರೂಪ ಬದಲಿಸಿಕೊಂಡು ಡಿಎನ್‌ಎಗೆ ಬಿಡಿಸಲಾಗದಂತೆ ಅಂಟುತ್ತದೆ. ಫಲ ಏನು? ಮೂತ್ರಪಿಂಡ ಹಾಳಾಗುತ್ತದೆ, ಮೂತ್ರನಾಳದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಗಿಡಮೂಲಿಕೆ ಮಾತ್ರೆ ತಿಂದ ಎಷ್ಟೋ ಹೆಂಗಸರ ಮೂತ್ರಪಿಂಡ ಹೋದದ್ದು ಇದರಿಂದಲೇ. ಡಿಎನ್‌ಎಗೆ ಅಂಟುವುದೇ ಒಳ್ಳೆಯ ಗುಣ ಅಂತ ತಲೆಬರಹ ಕೊಡುವ ಮುಂಚೆ ದಯವಿಟ್ಟು ಇದನ್ನು ನೆನಪಿಸಿಕೊಳ್ಳಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಇಂಥ ಸುದ್ದಿ ಹಾಕುವಾಗ ಪ್ರಯೋಗ ನಡೆದದ್ದು ಗಾಜಿನ ನಳಿಕೆಯಲ್ಲೋ, ಕೋಶಗಳ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ ಅನ್ನುವುದನ್ನು ಮೊದಲ ಸಾಲುಗಳಲ್ಲೇ ಹೇಳಿ, ಒಳಗೆಲ್ಲೋ ಹುದುಗಿಸಬೇಡಿ. ಆರೋಗ್ಯವಂತ ಕೋಶಗಳ ಮೇಲೆ ಪರೀಕ್ಷೆ ಆಗಿದೆಯಾ ಅಂತ ಸಂಶೋಧಕರನ್ನು ಕೇಳಿ ಬರೆಯಿರಿ. ಮತ್ತೆ ಚಿಕಿತ್ಸೆಯಲ್ಲಿರುವವರು ಯಾವ ಮೂಲಿಕೆ ತಿಂದರೂ ಡಾಕ್ಟರಿಗೆ ಹೇಳಲೇಬೇಕು ಅನ್ನೋ ಸಾಲನ್ನು ಸೇರಿಸಿ. ಮೇಲೆ ಹೇಳಿದ ಇರಿನೊಟೆಕಾನ್ ಪಡೆಯುತ್ತಿದ್ದವರು ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ತೆಗೆದುಕೊಂಡಾಗ, ರಕ್ತದಲ್ಲಿ ಆ ಔಷಧಿಯ ಕೆಲಸ ಮಾಡುವ ರೂಪ ಶೇ 40ರಷ್ಟು ಕಡಿಮೆಯಾಗಿತ್ತು.

ಇಂತಿ,
ನಿಮ್ಮ ಓದುಗ