ಪುಟದ ಕೆಳಗಿನ ಸಾಲು

ಪ್ರೀತಿಯ ತಂಗಿ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. 17ನೇ ಶತಮಾನದ ಇಂಗ್ಲಿಷ್ ಧರ್ಮಬೋಧಕ ಜಾನ್ ಬನಿಯನ್ ಬೆಡ್‌ಫರ್ಡ್ ಜೈಲಿನಲ್ಲಿ ಕಳೆದ 12 ವರ್ಷಗಳ ಭಾಗ ತುಂಬಾ ಚೆನ್ನಾಗಿದೆ, ಅದನ್ನು ಮುಟ್ಟಬೇಡ. ಆದರೆ ಆಮೇಲೆ, ಅವನ ಹೆಸರಾಂತ ಭಕ್ತಿಕತೆಯ ಬಗ್ಗೆ, ‘ಅವನ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್ 1678ರಲ್ಲಿ ಪ್ರಕಟವಾಯಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಪುಸ್ತಕ ತಾನಾಗಿಯೇ ಪ್ರಕಟವಾಗುತ್ತಾ? ಕಾಗದ ಕೊಂಡವರು ಯಾರು? ಅಂಗಡಿಯಲ್ಲಿಟ್ಟು ಮಾರಿದವರು ಯಾರು?

ಮೊದಲ ಮುದ್ರಣದ ಮುಖಪುಟದ ಚಿತ್ರ ಹುಡುಕಿ ತೆಗೆ. ಮೇಲಿನದನ್ನೆಲ್ಲ ಬಿಟ್ಟು ತೀರಾ ಕೆಳಗೆ ನೋಡು. ನಥಾನಿಯಲ್ ಪಾಂಡರ್‌ಗಾಗಿ ಅಚ್ಚಾದದ್ದು, ಕಾರ್ನ್‌ಹಿಲ್ ಹತ್ತಿರ ಪೌಲ್ಟ್ರಿಯಲ್ಲಿರುವ ನವಿಲು ಗುರುತಿನ ಅಂಗಡಿ ಅಂತಿದೆ. ಪೌಲ್ಟ್ರಿ ಅಂದರೆ ಲಂಡನ್ನಿನ ಒಂದು ಬೀದಿ, ಹಿಂದೆ ಕೋಳಿ ಮಾರುತ್ತಿದ್ದ ಜಾಗ. ನಮ್ಮ ಅಕ್ಕಿಪೇಟೆ, ಬಳೇಪೇಟೆ ಇದ್ದ ಹಾಗೆ. ಆಗ ಅಲ್ಲಿ ಮನೆಗಳಿಗೆ ನಂಬರ್ ಇರಲಿಲ್ಲ. ಅಂಗಡಿ ಮುಂದೆ ತೂಗಾಡುವ ಹಲಗೆಯೇ ವಿಳಾಸ.

‘ಪಾಂಡರ್‌ಗಾಗಿ’ ಅನ್ನುವ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲು. ಅಚ್ಚಿನ ಮೊಳೆ ಜೋಡಿಸಿ ಅಚ್ಚು ಹಾಕಿದವನು ಬೇರೆ. ಪಾಂಡರ್ ದುಡ್ಡು ಹಾಕಿದವನು. ಆ ಕಾಲದಲ್ಲಿ ಪುಸ್ತಕದ ಖರ್ಚಿನಲ್ಲಿ ದೊಡ್ಡ ಪಾಲು ಕಾಗದದ್ದೇ. 1677ರ ಡಿಸೆಂಬರ್ 22ರಂದು ಅವನು ಲಂಡನ್ನಿನ ಪುಸ್ತಕ ವ್ಯಾಪಾರಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಯ ದಫ್ತರದಲ್ಲಿ ಈ ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡ. ಅಲ್ಲಿ ಬರೆಸಿದವನಿಗೇ ಹಕ್ಕು, ಬರೆದವನಿಗಲ್ಲ! ಬೈಂಡ್ ಮಾಡಿದ ಪ್ರತಿಗೆ 1 ಶಿಲಿಂಗ್ 6 ಪೆನ್ನಿ ಬೆಲೆ ಇಟ್ಟ.

ಅವನೇನೂ ಸುರಕ್ಷಿತವಾಗಿ ಕೂತು ವ್ಯಾಪಾರ ಮಾಡಿದವನಲ್ಲ. ಆಗಿನ್ನೂ ಎರಡು ವರ್ಷದ ಹಿಂದೆ, 1676ರಲ್ಲಿ, ಪರವಾನಗಿ ಇಲ್ಲದೆ ಕವಿ ಆಂಡ್ರೂ ಮಾರ್ವೆಲ್‌ನ ಪುಸ್ತಕ ಹೊರತಂದಿದ್ದಕ್ಕೆ ಜೈಲಿಗೆ ಹೋಗಿ ಬಂದಿದ್ದ. ನಿನ್ನ ಲೇಖನದಲ್ಲಿ ಜೈಲು ಕಂಡವನು ಬನಿಯನ್ ಒಬ್ಬನೇ. ಅದು ಸರಿಯಲ್ಲ ಅಲ್ವಾ?

ಈಗ ನನಗೆ ಜಾಸ್ತಿ ಇಷ್ಟವಾದ ಸಂಗತಿ ಹೇಳ್ತೀನಿ. ಪುಸ್ತಕ ಚೆನ್ನಾಗಿ ಓಡತೊಡಗಿತು, ಕಳ್ಳ ಪ್ರತಿಗಳೂ ಬಂದವು. ಥಾಮಸ್ ಬ್ರ್ಯಾಡಿಲ್ ಅನ್ನುವ ಮುದ್ರಕ ಇದೇ ಪುಸ್ತಕವನ್ನು ಕದ್ದು ಅಚ್ಚು ಹಾಕುತ್ತಿದ್ದುದು ಪಾಂಡರ್‌ಗೆ ಗೊತ್ತಾಯಿತು. 1680ರ ನಾಲ್ಕನೇ ಮುದ್ರಣದಲ್ಲಿ ಪಾಂಡರ್ ಓದುಗರಿಗೊಂದು ಎಚ್ಚರಿಕೆ ಅಚ್ಚು ಹಾಕಿಸಿದ. ಇಂಥವರನ್ನು ನಾವು ನೆಲದ ಮೇಲಿನ ಕಡಲ್ಗಳ್ಳರು ಅಂತ ಕರೆಯುತ್ತೇವೆ ಅಂದ. ಕಳ್ಳ ಪ್ರತಿಯನ್ನು ಪತ್ತೆ ಮಾಡುವುದು ಹೇಗೆ ಅಂತಲೂ ಹೇಳಿದ: ಟಿಪ್ಪಣಿಗಳ ಅಕ್ಷರ ನೋಡಿ. ಕಳ್ಳ ಪ್ರತಿಯಲ್ಲಿ ಅವು ಲಾಂಗ್ ಪ್ರೈಮರ್ ಅಳತೆಯ, ಸವೆದುಹೋದ ಹಳೇ ಮೊಳೆಗಳಲ್ಲಿವೆ, ಓದಲಿಕ್ಕೇ ಆಗುವುದಿಲ್ಲ. ನನ್ನದರಲ್ಲಿ ಅದಕ್ಕಿಂತ ಚಿಕ್ಕ ಅಳತೆಯ ಬ್ರೆವಿಯರ್ ಮೊಳೆ, ಅಕ್ಷರ ಸ್ವಚ್ಛ.

ಒಬ್ಬ ವ್ಯಾಪಾರಿಯ ಹೊಟ್ಟೆಯುರಿ ಮೊಳೆಯ ಅಳತೆಯಲ್ಲಿ ಹೊರಗೆ ಬಂದಿದೆ ನೋಡು. ಅದು ನಿನ್ನ ಲೇಖನಕ್ಕೆ ಬೇಕು. ನನ್ನ ಕತೆಗಳ ಪುಸ್ತಕದ ಜೆರಾಕ್ಸ್ ಪ್ರತಿ ಒಮ್ಮೆ ಫುಟ್‌ಪಾತಿನಲ್ಲಿ ನನಗೇ ಸಿಕ್ಕಿತ್ತು. ಪ್ರತಿ ಪುಟದ ಕೊನೇ ಸಾಲು ಅರ್ಧ ಕತ್ತರಿಸಿಹೋಗಿತ್ತು. ದುಡ್ಡು ಹೋಯಿತು ಅನ್ನುವುದಕ್ಕಿಂತ ಆ ಅರ್ಧ ಸಾಲುಗಳನ್ನು ನೋಡಿ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಪಾಂಡರ್ ನನಗೆ ಬರೀ ಒಂದು ಹೆಸರಲ್ಲ.

ಹಾಗಂತ ಅವನನ್ನು ಸಂತನನ್ನಾಗಿ ಮಾಡಬೇಡ. ಭಕ್ತಿಯ ಪುಸ್ತಕ ಮಾರಿ ದುಡ್ಡು ಮಾಡಿದ ಅಂತ ಕೊಂಕು ತೆಗೆಯಲೂ ಬೇಡ. ಅವನಲ್ಲಿ ನಂಬಿಕೆಯೂ ಲೆಕ್ಕವೂ ಒಟ್ಟಿಗೇ ಇದ್ದಿರಬಹುದು. ಎರಡನ್ನೂ ಬಿಡಿಸದೆ ಹಾಗೇ ಇಡು. ಊರಿನವರು ಅವನನ್ನು ‘ಬನಿಯನ್ ಪಾಂಡರ್’ ಅಂತಲೇ ಕರೆಯುತ್ತಿದ್ದರಂತೆ, ಆ ಅಡ್ಡಹೆಸರನ್ನು ಸೇರಿಸಿದರೆ ಸಾಕು.

ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಕನ್ನಡದ ‘ಯಾತ್ರಿಕನ ಸಂಚಾರ’ ಇದೆ ಅಂದಿದ್ದೆಯಲ್ಲ, ಇದೇ ಪುಸ್ತಕ ಅದು. ಮುಂದಿನ ಕರಡು ಕಳಿಸುವ ಮೊದಲು ಅದನ್ನು ಮೆಲ್ಲಗೆ ಬಿಚ್ಚಿ, ಮೊದಲ ಪುಟದ ಕೆಳಗೆ ಯಾವ ಊರು, ಯಾವ ಅಚ್ಚುಕೂಟ ಅಂತಿದೆ ನೋಡಿ ನನಗೆ ಬರೆ.

ಪ್ರೀತಿಯಿಂದ,
ನಿನ್ನ ಅಕ್ಕ