ಕೊಲಂಬೊ–ಮಾಲೆ ಪ್ರಯಾಣ ಇನ್ನು ಮುಂದೆ ಬೆಳಗಿನ ವಿಮಾನದಲ್ಲಿ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಶ್ರೀಲಂಕಾ–ಮಾಲ್ಡೀವ್ಸ್ ಜೋಡಿ ಪ್ರವಾಸದಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಕೊಲಂಬೊದಿಂದ ಮಾಲೆಗೆ ಇದುವರೆಗೆ ಮಧ್ಯಾಹ್ನ ಹೊರಡುತ್ತಿದ್ದೆವು. ಮುಂದಿನ ತಂಡದಿಂದ ಬೆಳಗಿನ ವಿಮಾನ. ಅದಕ್ಕಾಗಿ ಶ್ರೀಲಂಕಾದ ಕೊನೆಯ ರಾತ್ರಿ ಕೊಲಂಬೊ ನಗರದ ಬದಲು, ವಿಮಾನ ನಿಲ್ದಾಣಕ್ಕೆ ಸುಮಾರು 10 ಕಿ.ಮೀ. ದೂರದ ನೆಗೊಂಬೊದಲ್ಲಿ ತಂಗುತ್ತೇವೆ. ದರದಲ್ಲಿ ವ್ಯತ್ಯಾಸವಿಲ್ಲ.

"ಒಂದೂವರೆ ಗಂಟೆಯ ಹಾರಾಟಕ್ಕೆ ಕೋಳಿ ಕೂಗುವ ಮುಂಚೆ ಏಳಬೇಕೇ?" ಎಂದು ಕೆಲವರು ಫೋನಿನಲ್ಲಿ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಕೊಲಂಬೊ ಬಳಿಯ ಕಟುನಾಯಕೆ ನಿಲ್ದಾಣಕ್ಕೂ ಮಾಲೆ ಪಕ್ಕದ ಹುಲುಲೆ ದ್ವೀಪದ ವೆಲಾನಾ ನಿಲ್ದಾಣಕ್ಕೂ ನಡುವೆ ನೇರ ದೂರ ಸುಮಾರು 775 ಕಿ.ಮೀ. ಬೆಂಗಳೂರು–ಕೊಲಂಬೊ ದೂರಕ್ಕಿಂತ ತುಸು ಹೆಚ್ಚು. ಗಂಟೆಗೆ 800 ಕಿ.ಮೀ. ದಾಟುವ ಜೆಟ್‌ಗೆ ಒಂದು ಗಂಟೆಯ ಹಾದಿ. ರನ್‌ವೇವರೆಗೆ ಸಾಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲ ಸೇರಿ ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆಯಾಗುತ್ತದೆ.

ಟಿಕೆಟ್ ನೋಡುವಾಗ ಇದು ಗಮನದಲ್ಲಿರಲಿ: ಶ್ರೀಲಂಕಾದ ಸಮಯ ನಮ್ಮದೇ, ಮಾಲ್ಡೀವ್ಸ್ ಅರ್ಧ ಗಂಟೆ ಹಿಂದೆ. ಕೊಲಂಬೊದಲ್ಲಿ 8ಕ್ಕೆ ಹೊರಟರೆ ಮಾಲೆಯ ಗಡಿಯಾರದಲ್ಲಿ 9ಕ್ಕೇ ಇಳಿದಂತೆ ಕಾಣುತ್ತದೆ. ಅದೇ ದಾರಿಯಲ್ಲಿ ವಾಪಸ್ ಬಂದರೆ ಎರಡು ಗಂಟೆ ಹಿಡಿದಂತೆ. ಅದು ಅಚ್ಚಿನ ತಪ್ಪಲ್ಲ. ಕೆಲವು ರೆಸಾರ್ಟ್‌ಗಳು ಮಾಲೆಗಿಂತ ಒಂದು ಗಂಟೆ ಮುಂದಿನ ಸಮಯ ಇಟ್ಟುಕೊಂಡಿರುತ್ತವೆ. ಆದ್ದರಿಂದ ಊಟಕ್ಕೂ ದೋಣಿಗೂ ರೆಸಾರ್ಟ್‌ನವರು ಹೇಳಿದ ಸಮಯವನ್ನೇ ನಂಬಿ.

ವೇಳೆ ಬದಲಿಸಲು ಮುಖ್ಯ ಕಾರಣ ಮಾಲೆಯಿಂದಾಚೆಗಿನ ಪ್ರಯಾಣ. ದೂರದ ದ್ವೀಪಗಳಿಗೆ ಸಾಮಾನ್ಯವಾಗಿ ಸೀಪ್ಲೇನ್‌ನಲ್ಲಿ ಹೋಗಬೇಕು. ಹದಿನೈದರಷ್ಟು ಸೀಟಿನ ಟ್ವಿನ್ ಆಟರ್ ವಿಮಾನಗಳು ನೀರಿನ ಮೇಲೇ ಇಳಿಯುತ್ತವೆ; ಪೈಲಟ್‌ಗಳು ಬರಿಗಾಲಲ್ಲಿ ಕೂತು ಓಡಿಸುವುದನ್ನು ನೀವೇ ನೋಡುತ್ತೀರಿ. ನೀರನ್ನು ಕಣ್ಣಾರೆ ಕಂಡು ಇಳಿಸಬೇಕಾದ್ದರಿಂದ ಹಗಲಲ್ಲಿ ಮಾತ್ರ ಹಾರಾಟ. ಅಲ್ಲಿ ವರ್ಷವಿಡೀ ಸಂಜೆ 6ರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ವಿಮಾನ ಸ್ವಲ್ಪ ತಡವಾದರೂ, ವಲಸೆ ತಪಾಸಣೆ, ಲಗೇಜ್ ಎನ್ನುವಷ್ಟರಲ್ಲಿ ಕೊನೆಯ ಸೀಪ್ಲೇನ್ ಕೈತಪ್ಪುತ್ತದೆ. ಆಗ ನಿಲ್ದಾಣದ ಪಕ್ಕದ ಹುಲುಮಾಲೆ ದ್ವೀಪದಲ್ಲೊಂದು ರಾತ್ರಿ ಕಳೆಯಬೇಕು, ರೆಸಾರ್ಟ್‌ಗೆ ಕಟ್ಟಿದ ಆ ರಾತ್ರಿಯ ಹಣವೂ ಹೋಗುತ್ತದೆ. ಇಡೀ ಪ್ರವಾಸದಲ್ಲಿ ಅತಿ ದುಬಾರಿ ರಾತ್ರಿಗಳು ರೆಸಾರ್ಟ್‌ನವೇ. ವರ್ಷಗಟ್ಟಲೆ ಕೂಡಿಟ್ಟು ಬರುವವರು ಅವುಗಳಲ್ಲಿ ಒಂದನ್ನೂ ಕಳೆದುಕೊಳ್ಳಬಾರದು ಎಂಬುದು ನಮ್ಮ ನಿಲುವು. ಬೆಳಿಗ್ಗೆ ಇಳಿದರೆ ಸೀಪ್ಲೇನ್‌ಗೆ ಎರಡು-ಮೂರು ಗಂಟೆ ಕಾಯಬೇಕಾದರೂ ಹಗಲಿರುವಾಗಲೇ ದ್ವೀಪ ಸೇರಬಹುದು.

ಕೊಲಂಬೊದ ಕೊನೆಯ ಸಂಜೆ, ಪೆಟ್ಟಾ ಮಾರುಕಟ್ಟೆಯ ಖರೀದಿ ಕೈಬಿಡುವುದಿಲ್ಲ. ಗಂಗಾರಾಮಯ ದೇವಾಲಯ, ಗಾಲ್ ಫೇಸ್ ಕಡಲತೀರದ ಜೊತೆ ಅದನ್ನೂ ಮೊದಲ ದಿನಕ್ಕೆ ತಂದಿದ್ದೇವೆ. ಬೆಳಗಿನ ತಿಂಡಿ ಕಟ್ಟಿಸಿಕೊಡುತ್ತೇವೆ. ಸಕ್ಕರೆ ಕಾಯಿಲೆ ಇರುವ ಹಿರಿಯರು ಮುಂಚಿತವಾಗಿ ತಿಳಿಸಿ. ಸೀಪ್ಲೇನ್‌ನಲ್ಲಿ ಸಾಮಾನ್ಯವಾಗಿ 20 ಕಿಲೋ ಲಗೇಜ್, 5 ಕಿಲೋ ಕೈಚೀಲ ಮಾತ್ರ. ಹೆಚ್ಚಾದರೆ ಅಲ್ಲೇ ಹಣ ಕಟ್ಟಬೇಕು.

ಮಾಲ್ಡೀವ್ಸ್ ಪ್ರವೇಶದ ಆನ್‌ಲೈನ್ ಅರ್ಜಿಯನ್ನು ತಲುಪುವ ಮುಂಚಿನ 96 ಗಂಟೆಗಳೊಳಗೆ ತುಂಬಬೇಕು. ಅದನ್ನು ಶ್ರೀಲಂಕಾದಲ್ಲಿರುವಾಗಲೇ ನಮ್ಮ ತಂಡದ ವ್ಯವಸ್ಥಾಪಕರು ಮಾಡಿಕೊಡುತ್ತಾರೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಬೆಳಗಿನ ವಿಮಾನ ಒಗ್ಗದಿದ್ದರೆ ಸ್ಪೀಡ್‌ಬೋಟ್‌ನಲ್ಲಿ ತಲುಪಬಹುದಾದ ಹತ್ತಿರದ ದ್ವೀಪಕ್ಕೆ ಬುಕಿಂಗ್ ಬದಲಿಸಿಕೊಡುತ್ತೇವೆ. ಅದೂ ಬೇಡವೆಂದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸುತ್ತೇವೆ. ಟಿಕೆಟ್ ಮಾಡಿಸುವ ಮೊದಲೇ ಕಚೇರಿಗೆ ಒಂದು ಕರೆ ಮಾಡಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ವಿದೇಶ ಪ್ರವಾಸ ವಿಭಾಗ