ಟೋಲ್ಕೀನ್‌ಗೆ ಭಾಷೆ ಮೆರುಗಾಗಿರಲಿಲ್ಲ, ಮೂಲವಾಗಿತ್ತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಇಂಗ್ಲಿಷ್ ಕಾದಂಬರಿಕಾರ ಜೆ.ಆರ್.ಆರ್. ಟೋಲ್ಕೀನ್ ಕುರಿತ ಲೇಖನ ಕಂಡು ಬಹಳ ಸಂತೋಷಪಟ್ಟೆ. ಅವರಿಗೆ ಅರ್ಧ ಪುಟ ಕೊಟ್ಟಿದ್ದೀರಿ, ಅದಕ್ಕೆ ಕೃತಜ್ಞತೆಗಳು. ಆದರೆ ಮೂರನೇ ಕಾಲಮಿನ ಒಂದು ವಾಕ್ಯ ಅಂದಿನಿಂದ ನನ್ನನ್ನು ಕಾಡುತ್ತಿದೆ: "ಕಥೆಗೆ ಮೆರುಗು ಕೊಡಲು ಅವರು ಒಂದೆರಡು ಕಾಲ್ಪನಿಕ ಭಾಷೆಗಳನ್ನೂ ಸೃಷ್ಟಿಸಿದರು." ನಾನು 31 ವರ್ಷ ಮುದ್ರಣಾಲಯದಲ್ಲಿ ಕೂತು ಪ್ರೂಫ್ ನೋಡಿದವಳು. ಒಂದು ಮಾತು ಹಿಂದುಮುಂದಾಗಿದ್ದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಇಲ್ಲಿ ಪೂರ್ತಿ ಹಿಂದುಮುಂದಾಗಿದೆ. ಭಾಷೆ ಮೊದಲು ಹುಟ್ಟಿತು, ಆ ಭಾಷೆ ಆಡುವವರಿಗೆ ಒಂದು ನೆಲ ಬೇಕಲ್ಲ ಎಂದು ಕಥೆ ಆಮೇಲೆ ಬಂತು. ಇದು ನನ್ನ ವ್ಯಾಖ್ಯಾನವಲ್ಲ, ಅಮೆರಿಕದ ತಮ್ಮ ಪ್ರಕಾಶಕರಿಗೆ 1955ರಲ್ಲಿ ಬರೆದ ಕಾಗದದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಅವರ ಬಾಲ್ಯದಲ್ಲೇ ಇದರ ಬೇರು ಇದೆ. ಹುಟ್ಟಿದ್ದು 1892ರಲ್ಲಿ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ತಾಯಿ ಮೇಬಲ್ ಇಂಗ್ಲೆಂಡಿಗೆ ಕರೆತಂದರು. ಮರುವರ್ಷವೇ ತಂದೆ ತೀರಿಕೊಂಡರು. ಲ್ಯಾಟಿನ್‌ನ ಮೊದಲ ಪಾಠ ಹೇಳಿದ್ದು ತಾಯಿಯೇ. ಆ ತಾಯಿಯೂ 1904ರಲ್ಲಿ ಮಧುಮೇಹದಿಂದ ಹೋದರು, ಹುಡುಗನಿಗೆ ಆಗ 12 ವರ್ಷ. ಆ ಕಾಯಿಲೆಗೆ ಮದ್ದಾದ ಇನ್ಸುಲಿನ್ ಬಳಕೆಗೆ ಬಂದದ್ದು 1922ರಲ್ಲಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಕಾಲ ಅವರಿದ್ದ ಮನೆಯ ಹಿಂದೆಯೇ ರೈಲು ಹಳಿ ಇತ್ತು. ವೇಲ್ಸ್‌ನಿಂದ ಕಲ್ಲಿದ್ದಲು ಹೊತ್ತ ಗೂಡ್ಸ್ ಬಂಡಿಗಳು ಬಂದು ನಿಲ್ಲುತ್ತಿದ್ದವು. ಅವುಗಳ ಪಕ್ಕದಲ್ಲಿ ವೆಲ್ಷ್ ಊರುಗಳ ಹೆಸರು ಬರೆದಿರುತ್ತಿತ್ತು. ಹೇಗೆ ಉಚ್ಚರಿಸಬೇಕೆಂದೂ ಗೊತ್ತಿಲ್ಲದ ಆ ಹೆಸರುಗಳನ್ನು ಹುಡುಗ ನೋಡುತ್ತಾ ನಿಲ್ಲುತ್ತಿದ್ದ. ಅವರ ಕಥೆಗಳಲ್ಲಿ ಬರುವ ಎಲ್ಫ್‌ಗಳೆಂಬ ಜನ ಆಡುವ ಸಿಂಡರಿನ್ ಭಾಷೆಗೆ ಮುಂದೆ ಅವರು ಕೊಟ್ಟದ್ದು ಈ ವೆಲ್ಷ್‌ನ ನಾದವನ್ನೇ. ಇನ್ನೊಂದು ಭಾಷೆ ಕ್ವೆನ್ಯಾ. ಅದರ ಹಿಂದೆ ಇರುವುದು ಫಿನ್ನಿಷ್. ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನಲ್ಲಿ ಓದುವಾಗ ಅಲ್ಲಿನ ಲೈಬ್ರರಿಯಲ್ಲಿ ಒಂದು ಫಿನ್ನಿಷ್ ವ್ಯಾಕರಣ ಕೈಗೆ ಸಿಕ್ಕಿತು. ಅಷ್ಟೇ, ಪರೀಕ್ಷೆಗೆ ಓದಬೇಕಾಗಿದ್ದ ಗ್ರೀಕ್, ಲ್ಯಾಟಿನ್ ಮೂಲೆಗೆ ಸರಿದವು.

1914ರ ಸೆಪ್ಟೆಂಬರ್‌ನಲ್ಲಿ ಆದದ್ದನ್ನು ಲೇಖಕರು ಹೇಳಲೇಬೇಕಿತ್ತು. ಹಳೆಯ ಇಂಗ್ಲಿಷಿನ 'ಕ್ರಿಸ್ಟ್' ಎಂಬ ಧಾರ್ಮಿಕ ಕಾವ್ಯದಲ್ಲಿ 'ಎಆರೆಂಡೆಲ್' ಎಂಬ ಒಂದು ಪದ ಬರುತ್ತದೆ, ದೇವದೂತರಲ್ಲೆಲ್ಲ ಅತಿ ಹೊಳೆಯುವವನು ಎಂಬ ವರ್ಣನೆಯ ಜೊತೆಗೆ. ಆ ಪದದ ಸೊಗಸಿಗೆ 22ರ ಟೋಲ್ಕೀನ್ ಮರುಳಾದರು. ಅದನ್ನು ಸಂಜೆ ನಕ್ಷತ್ರದ ಹೆಸರಾಗಿಸಿ, ಆಕಾಶದಲ್ಲಿ ಹಡಗು ನಡೆಸುವ ನಾವಿಕನ ಬಗ್ಗೆ ಒಂದು ಕವಿತೆ ಬರೆದರು. ಅವರ ಪುರಾಣಲೋಕಕ್ಕೆಲ್ಲ ಇದೇ ಮೊದಲ ಇಟ್ಟಿಗೆ. 1915ರಲ್ಲಿ ಕ್ವೆನ್ಯಾ ನಿಘಂಟನ್ನೇ ಬರೆಯತೊಡಗಿದ್ದರು. ಮೊದಲ ಮಹಾಯುದ್ಧದ ಸಾಮ್ ಕದನದ ಕಂದಕಗಳಿಗೆ ಸಿಗ್ನಲ್ ಅಧಿಕಾರಿಯಾಗಿ ಹೋಗುವ ಮುಂಚಿನ ಮಾತಿದು. 'ದಿ ಹಾಬಿಟ್' ಅಚ್ಚಾದದ್ದು 1937ರ ಸೆಪ್ಟೆಂಬರ್ 21ರಂದು. ಲೆಕ್ಕ ಹಾಕಿ ನೋಡಿ: ನಿಘಂಟು ಶುರುವಾದ 22 ವರ್ಷಕ್ಕೆ ಮೊದಲ ಕಾದಂಬರಿ. ಮೆರುಗನ್ನು ಯಾರಾದರೂ ಅಷ್ಟು ಮುಂಚೆ ತಯಾರಿಸಿಟ್ಟುಕೊಳ್ಳುತ್ತಾರೆಯೇ?

ಆ ಕಾದಂಬರಿಯೂ ಹುಟ್ಟಿದ್ದು ಒಂದು ಪದದಿಂದಲೇ. ಪ್ರೊಫೆಸರ್ ಆಗಿದ್ದರೂ ನಾಲ್ಕು ಮಕ್ಕಳ ಸಂಸಾರಕ್ಕೆ ಸಂಬಳ ಸಾಲದೆ, ಬೇಸಿಗೆಯಲ್ಲಿ ಶಾಲಾ ಪರೀಕ್ಷೆಗಳ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಯಾರೋ ಒಬ್ಬ ವಿದ್ಯಾರ್ಥಿ ಒಂದು ಹಾಳೆಯನ್ನು ಖಾಲಿ ಬಿಟ್ಟಿದ್ದ. ಅದರ ಮೇಲೆ, ನೆಲದೊಳಗಿನ ಬಿಲದಲ್ಲಿ ಒಬ್ಬ ಹಾಬಿಟ್ ಇದ್ದ ಎಂದು ಬರೆದರು. ಹಾಬಿಟ್ ಎಂದರೇನೆಂದು ಅವರಿಗೇ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಮುಂದೆ ಬರೆದರು.

ಲಿಪಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಕನ್ನಡ ಓದುಗರಿಗೆ ಹೇಳಬೇಕೆಂಬುದು ನನ್ನ ಬಹಳ ದಿನದ ಆಸೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಮೂರನೇ ಸಂಪುಟದ ಕೊನೆಯಲ್ಲಿ ಅನುಬಂಧಗಳಿವೆ. ಅಲ್ಲಿ ಎಲ್ಫ್ ಭಾಷೆಗಳಿಗಾಗಿ ಅವರು ಸೃಷ್ಟಿಸಿದ ತೆಂಗ್ವಾರ್ ಲಿಪಿಯ ಒಂದು ಕೋಷ್ಟಕವಿದೆ. ಮೊದಲ ಸಲ ನೋಡಿದಾಗ ಪುಸ್ತಕ ಮಡಚಿಟ್ಟು ಸುಮ್ಮನೆ ಕೂತುಬಿಟ್ಟೆ. ನಮ್ಮ ವರ್ಗೀಯ ವ್ಯಂಜನಗಳು! ಅಡ್ಡ ಮೊದಲ ಸಾಲಿನಲ್ಲಿ ತ, ಪ, ಚ, ಕ. ಒಂದೊಂದಕ್ಕೂ ಒಂದು ಕಂಬ, ಆ ಕಂಬಕ್ಕೆ ಅಂಟಿದ ಒಂದು ಬಿಲ್ಲು. ಬಿಲ್ಲನ್ನು ಎರಡು ಮಾಡಿದರೆ ಅದೇ ಅಕ್ಷರಗಳು ದ, ಬ, ಜ, ಗ ಆಗುತ್ತವೆ. ಕಂಬವನ್ನು ಮೇಲಕ್ಕೆ ಎತ್ತಿದರೆ ಉಸಿರು ಉಜ್ಜಿಕೊಂಡು ಹೊರಡುವ ಧ್ವನಿಗಳು. ಎರಡು ಬಿಲ್ಲು ಉಳಿಸಿ ಕಂಬವನ್ನು ಮೊಟಕು ಮಾಡಿದರೆ ನ, ಮ ಮುಂತಾದ ಅನುನಾಸಿಕಗಳು. ಸ್ವರಗಳಿಗೆ ಗುಣಿತದ ಹಾಗೆ ವ್ಯಂಜನದ ನೆತ್ತಿಯ ಮೇಲೆ ಗುರುತು: ಅ ಎಂಬುದಕ್ಕೆ ಮೂರು ಚುಕ್ಕಿ, ಇ ಎಂಬುದಕ್ಕೆ ಒಂದು. ಅವರು ನಮ್ಮ ಅಕ್ಷರಮಾಲೆ ನೋಡಿ ಇದನ್ನು ಮಾಡಿದರು ಎಂದು ನಾನು ಹೇಳುತ್ತಿಲ್ಲ. ನಾಲಗೆ ಬಾಯಲ್ಲಿ ಎಲ್ಲಿ ತಾಗುತ್ತದೆ, ಉಸಿರು ಹೇಗೆ ಹೊರಡುತ್ತದೆ ಎಂದು ಕಿವಿಗೊಟ್ಟು ಕೇಳಿಸಿಕೊಂಡವರು ಎಲ್ಲಿದ್ದರೂ ಇಂಥದ್ದೊಂದು ಕೋಷ್ಟಕಕ್ಕೆ ಬಂದು ಸೇರುತ್ತಾರೆ. ಅಕ್ಷರಗಳ ಹೆಸರೂ ಒಂದೊಂದು ಕ್ವೆನ್ಯಾ ಪದವೇ: ತಿಂಕೋ ಎಂದರೆ ಲೋಹ, ಪರ್ಮಾ ಎಂದರೆ ಪುಸ್ತಕ, ಕಲ್ಮಾ ಎಂದರೆ ದೀಪ.

ಈ ಅನುಬಂಧಗಳನ್ನು ಸಿದ್ಧಮಾಡಲು ಹಿಡಿದ ಸಮಯದಿಂದಾಗಿಯೇ ಮೂರನೇ ಸಂಪುಟ ತಡವಾಯಿತು. ಎರಡನೆಯದು 1954ರ ನವೆಂಬರ್‌ನಲ್ಲಿ ಬಂದಿತ್ತು. ಅದು ಮುಗಿಯುವಾಗ ಕಥಾನಾಯಕ ಫ್ರೋಡೋ ಶತ್ರುಗಳ ಕೈಗೆ ಸಿಕ್ಕಿಬಿದ್ದಿರುತ್ತಾನೆ. ಮುಂದೇನಾಯಿತು ಎಂದು ತಿಳಿಯಲು ಓದುಗರು 1955ರ ಅಕ್ಟೋಬರ್ ತನಕ ಕಾಯಬೇಕಾಯಿತು.

ಇನ್ನು ನನ್ನ ಕಸುಬಿಗೆ ಹತ್ತಿರದ ಒಂದು ಸಂಗತಿ. 1953ರಲ್ಲಿ ಮೊದಲ ಸಂಪುಟದ ಪ್ರೂಫ್ ಕೈಗೆ ಬಂದಾಗ ಟೋಲ್ಕೀನ್ ಕೆರಳಿದರು. ಮೊಳೆ ಜೋಡಿಸುವವರು ನಿಘಂಟಿನಂತೆ 'ತಿದ್ದಿ'ಬಿಟ್ಟಿದ್ದರು. ಕುಳ್ಳರು ಎಂಬರ್ಥದಲ್ಲಿ ಅವರು ಬರೆದಿದ್ದ 'ಡ್ವಾರ್ವ್ಸ್' ಹೋಗಿ 'ಡ್ವಾರ್ಫ್ಸ್' ಆಗಿತ್ತು. ಅದಕ್ಕಿಂತ ಅವರಿಗೆ ನೋವಾದದ್ದು ಎಲ್ಫ್‌ಗಳಿಗೆ ಸೇರಿದ ಎಂಬರ್ಥದ 'ಎಲ್ವನ್' ಎಂಬುದು 'ಎಲ್ಫಿನ್' ಆದದ್ದು. ಎಲ್ಫಿನ್ ಎಂದೊಡನೆ ಇಂಗ್ಲಿಷ್ ಓದುಗರ ಕಣ್ಣಿಗೆ ಬರುವುದು ಬೆರಳುದ್ದದ ಪುಟ್ಟ ಯಕ್ಷಿಣಿಯರು. ಅವರ ಎಲ್ಫ್‌ಗಳು ಎತ್ತರದ, ಸಾವಿಲ್ಲದ, ದುಃಖ ಹೊತ್ತ ಜನ. ಒಂದು ಅಕ್ಷರ ಬದಲಾದರೆ ಆ ಜನವೇ ಕುಳ್ಳಗಾಗುತ್ತದೆ. ಪಟ್ಟುಹಿಡಿದು ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು.

ಇದನ್ನು ಓದಿದಾಗ ನನಗೆ ನನ್ನ ತಪ್ಪು ನೆನಪಾಯಿತು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಹಿರಿಯರ ಕಥಾಸಂಕಲನದ ಪ್ರೂಫ್ ನನ್ನ ಪಾಲಿಗೆ ಬಂದಿತ್ತು. ಅವರು 'ಸಂಜಿಮುಂದ' ಎಂದು ಬರೆದಲ್ಲೆಲ್ಲ ನಾನು 'ಸಂಜೆಯ ಮುಂದೆ' ಎಂದು ಕೆಂಪು ಶಾಯಿಯಲ್ಲಿ ತಿದ್ದಿದ್ದೆ. ಅವರು ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದು ಕೂತರು. ಬೈಯಲಿಲ್ಲ. ಒಂದು ಪುಟವನ್ನು ಮೆಲುದನಿಯಲ್ಲಿ ಎರಡು ಸಲ ಓದಿದರು, ಮೊದಲು ನಾನು ತಿದ್ದಿದಂತೆ, ಆಮೇಲೆ ಅವರು ಬರೆದಂತೆ. ಎರಡನೇ ಸಲ ಓದುವಾಗ ಕಥೆಯ ಮುದುಕಿ ನಿಜವಾಗಿ ಮಾತಾಡಿದಳು. ಆ ಸಂಜೆ ಕೂತು ನನ್ನ ಕೆಂಪು ಗುರುತುಗಳನ್ನೆಲ್ಲ ನಾನೇ ಹೊಡೆದುಹಾಕಿದೆ.

ಆದ್ದರಿಂದ ಟೋಲ್ಕೀನರನ್ನು ಕನ್ನಡದಲ್ಲಿ ಬರೆಯುವವರಿಗೆ, ಅನುವಾದಿಸುವವರಿಗೆ ಒಂದು ಸಂಗತಿ ತಿಳಿದಿರಲಿ. ಡಚ್ ಮತ್ತು ಸ್ವೀಡಿಷ್ ಅನುವಾದಗಳಲ್ಲಿ ಹೆಸರುಗಳನ್ನು ಮನಸ್ಸಿಗೆ ಬಂದಂತೆ ಬದಲಿಸಿದ್ದು ಕಂಡು ಬೇಸತ್ತ ಅವರು, ಹೆಸರುಗಳನ್ನು ಏನು ಮಾಡಬೇಕೆಂದು ಅನುವಾದಕರಿಗಾಗಿಯೇ ಒಂದು ಕೈಪಿಡಿ ಬರೆದಿಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಅರ್ಥ ಕೊಡುವ ಹೆಸರನ್ನು ಅರ್ಥ ನೋಡಿ ಅನುವಾದಿಸಿ, ಅವರು ಸೃಷ್ಟಿಸಿದ ಭಾಷೆಗಳಲ್ಲಿರುವ ಮೊರ್ಡೋರ್, ಗೊಂಡೋರ್‌ನಂಥ ನಾಡುಗಳ ಹೆಸರನ್ನು ಮುಟ್ಟಬೇಡಿ ಎಂಬುದು ಅದರ ಸಾರ. ಆ ಪ್ರಕಾರ 'ಟ್ರೀಬಿಯರ್ಡ್' ಎಂಬ ಮರದ ಮುದುಕ ಕನ್ನಡದಲ್ಲಿ 'ಮರಗಡ್ಡ' ಆಗಬಹುದು. ಫ್ರೋಡೋನ ಮನೆತನದ ಹೆಸರಾದ 'ಬ್ಯಾಗಿನ್ಸ್'ನಲ್ಲಿ ಚೀಲದ ಸುಳಿವು ಉಳಿಯಬೇಕು ಎಂದಿದ್ದಾರೆ. ನನಗೆ ಇನ್ನೂ ಒಳ್ಳೆಯ ಪದ ಹೊಳೆದಿಲ್ಲ, ಹುಡುಕುತ್ತಿದ್ದೇನೆ.

ಕೊನೆಯದಾಗಿ, ನಿಮ್ಮ ಲೇಖನದಲ್ಲಿ ಅವರ ಹೆಸರು ಒಂದೇ ಪುಟದಲ್ಲಿ 'ಟೋಲ್ಕಿನ್', 'ಟಾಲ್ಕಿನ್', 'ಟೋಲ್ಕೀನ್' ಎಂದು ಮೂರು ರೀತಿ ಅಚ್ಚಾಗಿದೆ. ಅವರು ತಮ್ಮ ಹೆಸರಿನ ಕೊನೆಯ ಭಾಗವನ್ನು ದೀರ್ಘವಾಗಿಯೇ ಉಚ್ಚರಿಸುತ್ತಿದ್ದರು, ಇಂಗ್ಲಿಷಿನಲ್ಲಿ ಅದರ ಕಾಗುಣಿತ ತಪ್ಪಿದಾಗಲೆಲ್ಲ ಬೇಸರಪಟ್ಟುಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ತೋರಿಸಲು ಕಷ್ಟವಾದ ದೀರ್ಘವನ್ನು ತೋರಿಸಲು ನಮಗೆ ಗುಡಿಸಿನ ದೀರ್ಘವೊಂದು ಸಾಕು. ಮುಂದಿನ ಭಾನುವಾರದ 'ತಿದ್ದುಪಡಿ' ಅಂಕಣದಲ್ಲಿ ದಯವಿಟ್ಟು 'ಟೋಲ್ಕೀನ್' ಎಂದು ಓದಿಕೊಳ್ಳಲು ತಿಳಿಸಿ. ಜಾಗವಿದ್ದರೆ, ಮೂರನೇ ಕಾಲಮಿನ ಆ ವಾಕ್ಯವನ್ನೂ.

ಇತಿ,
ಒಬ್ಬ ನಿವೃತ್ತ ಪ್ರೂಫ್ ರೀಡರ್